ನೀಲಿ ಗುರುತುಗಳ ಚಾಚಾ

ಜನವರಿ ಬಂತೆಂದರೆ ಚಾಚಾನ ಮುಖ ಎರಡು ಬಣ್ಣಕ್ಕೆ ತಿರುಗುತ್ತಿತ್ತು. ಹಣೆ, ಕೆನ್ನೆ, ಗಲ್ಲ ಎಲ್ಲ ಹಿಮದ ಮೇಲಿನ ಬಿಸಿಲಿಗೆ ಸುಟ್ಟು ಕಾಫಿಪುಡಿಯಂತೆ ಕಪ್ಪಾಗಿರುತ್ತಿದ್ದವು. ಕಣ್ಣಿನ ಸುತ್ತ ಮಾತ್ರ, ಕನ್ನಡಕ ಕೂತ ಜಾಗದಲ್ಲಿ, ಎರಡು ಬಿಳಿಚಿಕೊಂಡ ವೃತ್ತಗಳು. ಮೂಗಿನ ತುದಿಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿರುತ್ತಿತ್ತು. ಆ ಮುಖ ಹೊತ್ತುಕೊಂಡೇ ಅವರು ಶುಕ್ರವಾರದ ನಮಾಜಿಗೆ ಹೋಗುತ್ತಿದ್ದರು, ಗಿರಾಕಿಗಳ ಮನೆಗೆ ಹೋಗುತ್ತಿದ್ದರು, ಮದುವೆ ಊಟಕ್ಕೆ ಕೂರುತ್ತಿದ್ದರು. "ಮಂದಿ ಏನಂತಾರ, ಒಂಚೂರು ಕ್ರೀಮರೆ ಹಚ್ಚಿಕೋರಿ" ಎಂದು ಚಾಚಿ ಗೊಣಗಿದರೆ, "ಬರಫ್ ಹಚ್ಚಿದ ಬಣ್ಣ ಐತಿ, ಬ್ಯಾಸಿಗಿಗೆ ತಾನಾ ಹೋಗತೈತಿ" ಎಂದು ನಗುತ್ತಿದ್ದರು.

ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮರದ ಬೇಲಿ. ನಾವು ಮೈಸೂರಿನವರು, ಅವರು ಇಳಕಲ್ಲಿನ ಕಡೆಯವರು. ಮನೆಯೊಳಗೆ ಅವರದು ದಖನಿ ಮಾತು, ನಮ್ಮೊಡನೆ ಮಾತ್ರ ಬಾಗಲಕೋಟೆಯ ಗಟ್ಟಿ ಕನ್ನಡ. ನಾವು ಮನೆ ತೆಗೆದುಕೊಂಡು ಬಂದ ದಿನ ಬೇಲಿಯ ಮೇಲಿಂದ ಒಂದು ಬುಟ್ಟಿ ನಿಂಬೆಹಣ್ಣು ಇಳಿಬಿಟ್ಟು, "ಕನ್ನಡ ಮಾತಾಡೂದು ಕೇಳಿಸ್ತು, ಯಾವೂರವ್ರವಾ ನೀವು?" ಎಂದು ಕೇಳಿದ್ದರು. ಅಂದಿನಿಂದ ಅವರು ನಮಗೆ ಚಾಚಾ, ಅವರ ಹೆಂಡತಿ ಚಾಚಿ.

ಅವರ ವ್ಯಾಪಾರ ಗ್ರಾನೈಟಿನದು. ಸ್ಯಾನ್ ಮಟಿಯೋದಲ್ಲಿ ಅಂಗಡಿ. ಅಡುಗೆಮನೆಯ ಕಟ್ಟೆಗಳಿಗೆ ಕಲ್ಲು ಕತ್ತರಿಸಿ, ಹೊಳಪು ಕೊಟ್ಟು, ತಾವೇ ಹೋಗಿ ಕೂರಿಸಿ ಬರುತ್ತಿದ್ದರು. ಆ ಕೆಲಸದ ಮೇಲೆಯೇ ಅವರು ಮೊದಲ ಸಲ ಗುಡ್ಡಕ್ಕೆ ಹೋದದ್ದು. ಟಾಹೋ ಸರೋವರದ ಕಡೆ ಯಾರದೋ ಮರದ ಮನೆಗೆ ಕಲ್ಲು ಕೂರಿಸಲು ಹೋದಾಗ ಹಿಮ ಬಿದ್ದು ಹೆದ್ದಾರಿ ಮುಚ್ಚಿತಂತೆ. ಹೊತ್ತು ಹೋಗದೆ ಕೂತಿದ್ದ ಇವರ ಕಾಲಿಗೆ ಮನೆಯ ಯಜಮಾನ, ಒಬ್ಬ ವಯಸ್ಸಾದ ಬಿಳಿಯ, ತನ್ನ ಹಳೆಯ ಸ್ಕೀ ಹಲಗೆಗಳನ್ನು ಕಟ್ಟಿ ಅಂಗಳಕ್ಕೆ ತಳ್ಳಿದನಂತೆ. "ಇಳಕಲ್ ಬಿಸಲಾಗ ಬೆಳದಾಂವ ನಾ. ಮೂರ್ ಹೆಜ್ಜಿಗೊಮ್ಮೆ ಬಿದ್ದೆ. ಬಿದ್ದಲ್ಲೇ ಕುಂತು ನೋಡಿದ್ರ, ಎಲ್ಲೂ ಒಂದು ಸಪ್ಪಳ ಇಲ್ಲ. ಕಲ್ಲು ಕೊಯ್ಯೂ ಮಿಷನ್ ಸಪ್ಪಳ ಕಿವ್ಯಾಗ ಇಟಗೊಂಡು ಬದುಕಿದಾಂವ್ಗ ಅದು ಜನ್ನತ್ ಆತು ನೋಡು" ಎನ್ನುತ್ತಿದ್ದರು.

ಚಾಚಾ ಮಾಡುತ್ತಿದ್ದದ್ದು ರೆಸಾರ್ಟುಗಳಲ್ಲಿ ಲಿಫ್ಟು ಹತ್ತಿ ಜರ್ರನೆ ಇಳಿಯುವ ಸ್ಕೀಯಿಂಗ್ ಅಲ್ಲ. ಉದ್ದನೆಯ ಸಪೂರ ಸ್ಕೀ ಕಟ್ಟಿಕೊಂಡು ಕಾಡಿನ ನಡುವೆ ಮೈಲಿಗಟ್ಟಲೆ ನಡೆಯುವಂಥದ್ದು. ಬೇಸಿಗೆಯಲ್ಲಿ ಕಾಲುದಾರಿ ಇರುವ ಜಾಗ ಚಳಿಗಾಲದಲ್ಲಿ ಒಂದೇ ಬಿಳಿ ಬಯಲು. ಆಗ ದಾರಿ ತೋರಿಸುವುದು ಮರಗಳಿಗೆ ಹೊಡೆದ ನೀಲಿ ಗುರುತುಗಳು: ಅಂಗೈಯಗಲದ, ಇಸ್ಪೀಟಿನ ಡೈಮಂಡಿನ ಆಕಾರದ ತಗಡುಗಳು. ಹಿಮ ಎಷ್ಟೇ ಏರಿದರೂ ಕಾಣಲೆಂದು ಅವನ್ನು ಆಳಿಗಿಂತ ಬಹಳ ಎತ್ತರದಲ್ಲಿ ಹೊಡೆದಿರುತ್ತಾರೆ. ಮಾರ್ಚಿನ ಹೊತ್ತಿಗೆ ಅದೇ ಗುರುತು ನಮ್ಮ ಎದೆಯ ಮಟ್ಟಕ್ಕೆ ಬಂದಿರುತ್ತದೆ.

ಮೊದಲ ಚಳಿಗಾಲದಲ್ಲೇ ಚಾಚಾ ನನ್ನನ್ನು ಕರೆದರು. ನನ್ನ ಗಂಡನಿಗೆ ಚಳಿ ಎಂದರೆ ಆಗದು. ನಾನು ಹೋದೆ. ಆಫೀಸು, ಫ್ರೀವೇ, ಗ್ರೋಸರಿ, ಮತ್ತೆ ಆಫೀಸು ಎಂದು ಒಣಗಿಹೋಗಿದ್ದ ನನಗೆ ಎಲ್ಲಿಗಾದರೂ ಹೋದರೆ ಸಾಕಿತ್ತು. ಜೊತೆಯಲ್ಲಿ ಅವರ ಒಬ್ಬಳೇ ಮಗಳು ಇದ್ದಳು. ಆಗಿನ್ನೂ ಹೈಸ್ಕೂಲಿನ ಹುಡುಗಿ. ನಡೆಯುವುದಕ್ಕೆ ಮೊದಲೇ ಸ್ಕೀ ಕಲಿತವಳು ಎಂದು ಚಾಚಾ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಬಿದ್ದಾಗೆಲ್ಲ ಅವಳು ತಿರುಗಿ ಬಂದು ಕೈಕೊಟ್ಟು ಎಬ್ಬಿಸಿ, "ಯು ಆರ್ ಡೂಯಿಂಗ್ ಗ್ರೇಟ್, ಆಂಟಿ" ಎಂದು ಸುಳ್ಳು ಹೇಳುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಹಿಮಕುಸಿತದ ಮುನ್ಸೂಚನೆ ಓದದೆ ಚಾಚಾ ಕಾರಿನ ಕೀಲಿ ಮುಟ್ಟುತ್ತಿರಲಿಲ್ಲ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಚಾಚಿಗೆ ಒಪ್ಪಿಸಿ ಹೊರಡಬೇಕು. ಕಡಿದಾದ ಇಳಿಜಾರಿನ ಕೆಳಗೆ ನಿಂತು ಫೋಟೊ ತೆಗೆಯುವಂತಿಲ್ಲ, ನೀರು ಕುಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಮುಂದಿನ ಗುರುತು ಕಣ್ಣಿಗೆ ಬೀಳುವ ತನಕ ಈ ಗುರುತು ಬಿಡುವಂತಿಲ್ಲ. ಮುಂದೆ ಹೋದವರ ಸ್ಕೀ ಗೆರೆಗಳು ಹಿಮದಲ್ಲಿ ರೈಲು ಹಳಿಯ ಹಾಗೆ ಸೊಗಸಾಗಿ ಕಾಣುತ್ತವೆ. ಹೊಸಬರಿಗೆ ಅವನ್ನೇ ಹಿಡಿದು ಹೋಗುವ ಆಸೆ. ನಾನೂ ಹಾಗೇ ಹೊರಟಾಗ ಚಾಚಾ ಹಿಂದಿನಿಂದ ಕೂಗಿದರು:

"ಗೆರಿ ನೋಡಬ್ಯಾಡವಾ, ಮ್ಯಾಲ ಗುರ್ತು ನೋಡು! ಗೆರಿ ಎಳದಾಂವ ತಾನಾ ದಾರಿ ತಪ್ಪಿದ್ರ?"

ಆಮೇಲೆ ಪಕ್ಕಕ್ಕೆ ಬಂದು ಮೆಲ್ಲಗೆ ಸೇರಿಸಿದರು: "ಗುರ್ತು ಇದ್ರ ಜೀವಕ್ಕ ಗ್ಯಾರಂಟಿ ಅಂತಲ್ಲ ಮತ್ತ. ದಾರಿ ಇಲ್ಲೈತಿ ಅಂತಷ್ಟ ಅದು ಹೇಳತೈತಿ."

ಅದೇ ಚಳಿಗಾಲ ಇನ್ನೊಂದು ಸಲ ಹೋದಾಗ ಮಂಜು ಕವಿಯಿತು. ಕಾಡು ಮುಗಿದು ಒಂದು ಬಯಲು ದಾಟಬೇಕಿದ್ದ ಜಾಗ. ಆಚೆ ಬದಿಯ ಮರಗಳಲ್ಲಿ ಗುರುತು ಇರಬೇಕು, ಕಾಣುತ್ತಿಲ್ಲ. ನೆಲ ಯಾವುದು, ಆಕಾಶ ಯಾವುದು ತಿಳಿಯುತ್ತಿಲ್ಲ. ಚಾಚಾ ನಮ್ಮಿಬ್ಬರನ್ನೂ ಕೊನೆಯ ಗುರುತಿನ ಮರದ ಬುಡದಲ್ಲಿ ನಿಲ್ಲಿಸಿ, "ಕೂಗ್ತಾ ಇರ್ರಿ, ನಿಲ್ಲಸಬ್ಯಾಡ್ರಿ" ಎಂದು ಹೇಳಿ ಒಬ್ಬರೇ ಮುಂದೆ ಹೋದರು. ನಾವು ಕೂಗುತ್ತಿದ್ದೆವು, ಅವರು ಓಗೊಡುತ್ತಿದ್ದರು. ದನಿ ಸಣ್ಣದಾಗುತ್ತ ಹೋಗಿ, ಮತ್ತೆ ದೊಡ್ಡದಾಯಿತು. ಹುಬ್ಬು, ಮೀಸೆಯೆಲ್ಲ ಬೆಳ್ಳಗಾಗಿ ವಾಪಸು ಬಂದರು.

"ಸಿಗಲಿಲ್ಲ. ನಡೀರಿ ಮನಿಗೆ."

"ಅಬ್ಬಾ, ಐ ನೋ ದ ವೇ. ಹಟ್ಟು ಅಲ್ಲೇ ಇದೆ, ಜಸ್ಟ್ ಅಕ್ರಾಸ್" ಎಂದಳು ಮಗಳು ಅಪ್ಪನಿಗೆ. ಬಯಲಿನಾಚೆ ಒಲೆಯಿರುವ ಒಂದು ಮರದ ಗುಡಿಸಲಿತ್ತು. ಊಟ ಅಲ್ಲಿಯೇ ಎಂದು ಹೊರಟವರು ನಾವು. ಅವಳಿಗೆ ನಿಜಕ್ಕೂ ದಾರಿ ಗೊತ್ತಿತ್ತು. ಎಷ್ಟೋ ಸಲ ಬಂದವಳು.

"ನಿನಗ ಗೊತ್ತೈತಿ. ಬಯಲಿಗೆ ಗೊತ್ತಿಲ್ಲಲ್ಲ, ನೀ ಬರಾಕತ್ತೀ ಅಂತ" ಎಂದು ಚಾಚಾ ಸ್ಕೀ ತಿರುಗಿಸಿದರು. ಮಗಳು ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡಿದ್ದಳು. ಕಾರಿನಲ್ಲಿ ಕೂತು ಚಪಾತಿ ರೋಲು ತಿನ್ನುವಾಗ ಸಿಟ್ಟು ಇಳಿದು ಅಪ್ಪನ ಮೀಸೆಯ ಹಿಮವನ್ನು ಕೈಯಿಂದ ಒರೆಸಿದಳು.

ಅವಳು ಬರ್ಕ್ಲಿಯಲ್ಲಿ ಕಾಲೇಜು ಸೇರಿದ ಮೇಲೆ ಅಪ್ಪನ ದಾರಿ ಅವಳಿಗೆ ಸಾಲದಾಯಿತು. ಹೊಸ ಗೆಳೆಯರು, ಅಗಲವಾದ ಹೊಸ ಸ್ಕೀ. ಗುರುತಿನ ದಾರಿಯಲ್ಲಿ ಅರ್ಧ ದೂರ ಹತ್ತಿ, ಅಲ್ಲಿಂದ ದಾರಿ ಬಿಟ್ಟು, ಬಾಣಲೆಯಂತಿರುವ ಕಡಿದಾದ ಇಳಿಜಾರುಗಳಲ್ಲಿ ಹೊಸ ಹಿಮದ ಮೇಲೆ ಇಳಿಯುವುದು. ಒಂದು ಭಾನುವಾರ ನಾವೆಲ್ಲ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನಿನಲ್ಲಿ ವಿಡಿಯೊ ತೋರಿಸಿದಳು. ನಿಜಕ್ಕೂ ಚಂದವಿತ್ತು. ಹಕ್ಕಿಯ ಹಾಗೆ ಇಳಿಯುತ್ತಿದ್ದಳು, ಹಿಂದೆ ಹಿಮದ ಪುಡಿ ಹೊಗೆಯಂತೆ ಏಳುತ್ತಿತ್ತು. ಚಾಚಾ ನೋಡಿ, ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

"ಅಲ್ಲಿ ಗುರ್ತದಾವೇನು?"

"ಅಬ್ಬಾ, ಪ್ಲೀಸ್. ನಥಿಂಗ್ ಹ್ಯಾಪನ್ಡ್."

"ಯಾಕ ಏನೂ ಆಗಲಿಲ್ಲ, ಹೇಳು ನೋಡೂಣು. ನಿನ್ನ ಶಾಣ್ಯಾತನಕ್ಕೋ, ಇಲ್ಲಾ ಬರೇ ಆಗಲಿಲ್ಲಂತೋ?"

ಅವಳು ಅಪ್ಪನ ತಟ್ಟೆಗೆ ಬಿರಿಯಾನಿ ಬಡಿಸಿ, ಅವರ ತಲೆಗೆ ಒಂದು ಮುತ್ತು ಕೊಟ್ಟು ಒಳಗೆ ಹೋದಳು. ನಾವು ಮಾತು ಬದಲಿಸಿದೆವು.

ಮುಂದಿನ ಫೆಬ್ರವರಿಯಲ್ಲಿ ದೊಡ್ಡ ಬಿರುಗಾಳಿ ಬಂದು ಹೋಯಿತು. ಗುಡ್ಡದ ಮೇಲೆ ಆಳೆತ್ತರ ಹೊಸ ಹಿಮ. ಅವಳೂ ಇಬ್ಬರು ಗೆಳೆಯರೂ ಶನಿವಾರ ಬೆಳಿಗ್ಗೆ ಹೋದರು. ಮಧ್ಯಾಹ್ನ ಚಾಚಿ ಬೇಲಿಯ ಹತ್ತಿರ ನಿಂತು ನನ್ನ ಹೆಸರು ಕೂಗಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಹಿಮ ಕುಸಿದಿತ್ತು. ಗೆಳೆಯರಿಬ್ಬರು ಹೊರಗೆ ಬಂದಿದ್ದರು. ಅವಳು ಬಂದಿರಲಿಲ್ಲ.

ನಾನೇ ಕಾರು ಓಡಿಸಿದೆ. ಚಾಚಾ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತುಟಿ ಅಲುಗಿಸುತ್ತಿದ್ದರು. ಹಿಂದೆ ಚಾಚಿ. ಮೇಲೆ ಹತ್ತುವ ಮೊದಲು, ಹಿಮದಲ್ಲಿ ಜಾರದಂತೆ ಟೈರುಗಳಿಗೆ ಚೈನು ಕಟ್ಟಿಸಲು ಸಾಲಿನಲ್ಲಿ ನಿಂತೆವು. ನಮ್ಮ ಮುಂದಿನ ಕಾರಿನ ಮಕ್ಕಳು ಹಿಮದುಂಡೆ ಮಾಡಿ ಎಸೆದಾಡುತ್ತಿದ್ದವು. ದಾರಿ ಶುರುವಾಗುವ ಪಾರ್ಕಿಂಗ್ ಜಾಗದಲ್ಲಿ ಹುಡುಕುವ ತಂಡದವರ ಗಾಡಿಗಳು ನಿಂತಿದ್ದವು. ಹಿಮ ಮತ್ತೆ ಬೀಳಲು ಶುರುವಾಗಿತ್ತು. ಇಳಿಜಾರು ಇನ್ನೂ ಕುಸಿಯಬಹುದೆಂದು ತಂಡವನ್ನು ಹಿಂದಕ್ಕೆ ಕರೆಸಿದ್ದರು. ಗೆಳೆಯರಲ್ಲಿ ಒಬ್ಬ ಕಂಬಳಿ ಹೊದ್ದು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಚಾಚಾ ಅವನ ಮುಂದೆ ಮೊಣಕಾಲೂರಿ ಕೂತರು. ಬೈಯುತ್ತಾರೆ ಎಂದುಕೊಂಡೆ. ಅವರು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ: ದಾರಿಯನ್ನು ಎಲ್ಲಿ ಬಿಟ್ಟಿರಿ?

ದೊಡ್ಡ ಬಂಡೆಯ ಹತ್ತಿರ, ದಾರಿ ಎಡಕ್ಕೆ ತಿರುಗುವಲ್ಲಿ, ಎಂದ ಹುಡುಗ. ಅಲ್ಲಿ ಆಗಲೇ ಯಾರದೋ ಸ್ಕೀ ಗೆರೆಗಳು ಒಳಗೆ ಹೋಗಿದ್ದವು. ಬೇರೆಯವರು ಹೋಗಿದ್ದಾರಲ್ಲ, ಪರವಾಗಿಲ್ಲ ಅಂದುಕೊಂಡೆವು, ಎಂದು ಅಳತೊಡಗಿದ. ಚಾಚಾ ಅವನ ಭುಜದಿಂದ ಜಾರಿದ್ದ ಕಂಬಳಿಯನ್ನು ಸರಿಮಾಡಿ ಎದ್ದು ನಿಂತರು. ಹಿಮ ಬೀಳುವುದು ನಿಂತ ಮೇಲೆ, ನಾಯಿಗಳ ಸಹಾಯದಿಂದ ಅವಳನ್ನು ಕೆಳಗೆ ತಂದರು.

ನಮ್ಮ ಕಡೆಯವರು, ಅವರ ಕಡೆಯವರು, ಸ್ಯಾನ್ ರಮೋನಿನಿಂದ, ಫ್ರೀಮಾಂಟಿನಿಂದ ಜನ ಬಂದರು. ಪಾತ್ರೆಗಳಲ್ಲಿ ಊಟ ತಂದರು. ಆಮೇಲೆ ಬರುವುದು ಕಮ್ಮಿಯಾಯಿತು. ಒಂದು ಸಂಜೆ ನಾನು ಅವರ ಅಡುಗೆಮನೆಯಲ್ಲಿ ಚಾಚಿಗೆ ಚಹಾ ಮಾಡಿ ಕೊಡುತ್ತಿದ್ದೆ. ಚಾಚಾ ಬಾಗಿಲಲ್ಲಿ ನಿಂತಿದ್ದರು. ಚಾಚಿ ಅವರತ್ತ ನೋಡದೆ ನನಗೆ ಹೇಳಿದರು:

"ಇವ್ರ ಕಲಿಸಿದ್ದವಾ. ಅಕೀಗೆ ನೆಟ್ಟಗ ನಡ್ಯಾಕ ಬರೂಕಿಂತ ಮೊದಲ ಕಾಲಿಗೆ ಅದನ್ನ ಕಟ್ಟಿದ್ರು. ಇಲ್ಲಂದ್ರ ಬರಫ್ ಅಂದ್ರೇನು ಅಂತ ಅಕೀಗೆ ಗೊತ್ತ ಇರತಿದ್ದಿಲ್ಲ."

"ಖರೇ ಐತಿ" ಎಂದರು ಚಾಚಾ. ಅಷ್ಟೇ. ಆ ಮನೆಯಲ್ಲಿ ಆ ವಿಷಯ ಮತ್ತೆಂದೂ ಬಂದಂತೆ ಕಾಣೆ. ಬರುವ ಅಗತ್ಯವೂ ಇರಲಿಲ್ಲ.

ಅವರು ಇನ್ನು ಗುಡ್ಡದ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆವು. ಆದರೆ ಆ ಶರತ್ಕಾಲದಲ್ಲಿ, ಹಿಮ ಬೀಳುವ ಮೊದಲು ಗುರುತುಗಳನ್ನು ದುರಸ್ತಿ ಮಾಡುವ ಸ್ವಯಂಸೇವಕರ ಗುಂಪಿಗೆ ಸೇರಿದರು. ಏಣಿ ಹೊತ್ತುಕೊಂಡು ಮರ ಮರಕ್ಕೂ ಹೋಗಿ ಸಡಿಲವಾದ ತಗಡುಗಳನ್ನು ಬಿಗಿಮಾಡಿದರು. ಬಂಡೆಯ ಹತ್ತಿರ ಹೊಸದಾಗಿ ಕೆಲವು ಗುರುತು ಹೊಡೆದರು. ಚಳಿಗಾಲ ಬಂದ ಮೇಲೆ ಶನಿವಾರಗಳಂದು ದಾರಿಯ ಬಾಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಹೋಗುವವರಿಗೆಲ್ಲ ಅಂದಿನ ಮುನ್ಸೂಚನೆ ಹೇಳುವುದು, ಬಂಡೆಯ ಹತ್ತಿರ ಬಲಕ್ಕೆ ಹೋಗಬೇಡಿ ಎನ್ನುವುದು. ಕೆಲವರು ಥ್ಯಾಂಕ್ಸ್ ಹೇಳುತ್ತಿದ್ದರು. ಕೆಲವರು ಕಿವಿಯ ಇಯರ್‌ಫೋನು ತೆಗೆಯದೆ ಕೈಯೆತ್ತಿ ಹೋಗುತ್ತಿದ್ದರು. ಮಗಳ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಕೇಳುತ್ತಾರೇನೋ ಎಂದು ನಾನೊಮ್ಮೆ ಅಂದದ್ದಕ್ಕೆ, "ಅಕೀನ ಬೋರ್ಡ್ ಮಾಡಿ ನಿಲ್ಲಸಲೇನು?" ಎಂದರು.

ಒಂದು ಶನಿವಾರ ನಾನೂ ಜೊತೆಗಿದ್ದೆ. ಹಿಮಕುಸಿತದ ಅಪಾಯ ಹೆಚ್ಚು ಎಂದು ಬೆಳಿಗ್ಗೆಯೇ ಪ್ರಕಟವಾಗಿತ್ತು. ಕಾರೊಂದರಿಂದ ನಾಲ್ವರು ಇಳಿದರು. ಬಾಡಿಗೆ ಸ್ನೋಶೂ, ಹೊಸ ಜಾಕೆಟ್ಟು, ಬಾಯಲ್ಲಿ ಬೆಂಗಳೂರು ಕನ್ನಡ. ಕನ್ನಡ ಕಿವಿಗೆ ಬಿದ್ದದ್ದೇ ಚಾಚಾ ಎದ್ದು ನಿಂತರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿದ್ದು ನೋಡಿದೆ.

"ಯಾವೂರ್ರಪಾ? ಬರ್ರಿ, ಬರ್ರಿ. ಇವತ್ತ ಗುರ್ತು ಬಿಟ್ಟು ಆಚೀಚೆ ಹೋಗಬ್ಯಾಡ್ರಿ. ಬಂಡಿ ಹತ್ರ ಬಲಕ್ಕ ಒಂದ್ ಬೋಗುಣಿ ಐತಿ, ಅದರಾಗ ಕಾಲಿಡಬ್ಯಾಡ್ರಿ."

"ಅಯ್ಯೋ, ಅಲ್ಲಿಗೇ ಹೋಗ್ತಿರೋದು ಅಂಕಲ್" ಎಂದ ಒಬ್ಬ ನಗುತ್ತ. "ವ್ಯೂ ಸಖತ್ತಾಗಿರತ್ತಂತೆ. ಆ್ಯಪಲ್ಲಿ ರೂಟು ಇದೆ."

"ಆ್ಯಪಿಗೆ ಇವತ್ತಿನ ಬರಫ್ ಕಾಣಸತೈತೇನಪಾ?"

"ಕೇರ್‌ಫುಲ್ಲಾಗಿರ್ತೀವಿ ಅಂಕಲ್, ಡೋಂಟ್ ವರಿ" ಎಂದಳು ಜೊತೆಯ ಹುಡುಗಿ.

ಚಾಚಾ ಅವಳ ತೋಳು ಹಿಡಿದುಕೊಂಡರು. "ಬ್ಯಾಡವಾ. ಕೈ ಮುಗೀತೀನಿ" ಎಂದರು. ಹುಡುಗಿ ಗಾಬರಿಯಾಗಿ ತೋಳು ಬಿಡಿಸಿಕೊಂಡಳು. ಹುಡುಗರ ಮುಖ ಬಿಗಿಯಾಯಿತು. ನಾನು ನಡುವೆ ಬಂದು, ಅವರು ಹಿರಿಯರು, ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದೆ. "ಓಕೆ ಓಕೆ, ಫೈನ್" ಎಂದು ನಾಲ್ವರೂ ಹೊರಟುಹೋದರು.

ನಾವು ಕಾದೆವು. ಚಾಚಾ ಕುರ್ಚಿಯಲ್ಲಿ ಕೂರಲಿಲ್ಲ. ಥರ್ಮಾಸಿನ ಚಹಾ ಮುಟ್ಟಲಿಲ್ಲ. ಮರಗಳಿಂದ ಹಿಮ ಜಾರಿ ಬಿದ್ದ ಸದ್ದಿಗೆಲ್ಲ ತಿರುಗಿ ನೋಡುತ್ತಿದ್ದರು. ಬಿಸಿಲು ವಾಲುವ ಹೊತ್ತಿಗೆ ನಾಲ್ವರೂ ನಗುತ್ತ, ಕೆಂಪಗಾದ ಮುಖಗಳಲ್ಲಿ, ವಾಪಸು ಬಂದರು.

"ನೋಡಿದ್ರಾ ಅಂಕಲ್, ಏನೂ ಆಗ್ಲಿಲ್ಲ! ಅಲ್ಟಿಮೇಟ್ ಆಗಿತ್ತು. ನೀವೂ ಬರಬೇಕಿತ್ತು." ಹುಡುಗಿ, ಬೆಳಗಿನದಕ್ಕೆ ಅವರಿಗೆ ಬೇಜಾರಾಗಿರಬೇಕು ಎಂದುಕೊಂಡು, ಬ್ಯಾಗಿನಿಂದ ಚಕ್ಕುಲಿಯ ಡಬ್ಬಿ ತೆಗೆದು ಚಾಚಾನ ಮುಂದೆ ಹಿಡಿದಳು. ಅವರು ಒಂದು ಚಕ್ಕುಲಿ ತೆಗೆದುಕೊಂಡರು. "ಚಲೋ ಆತು" ಎಂದರು.

ಕಾರಿನಲ್ಲಿ ಗುಡ್ಡ ಇಳಿದು ಬಹಳ ದೂರ ಬಂದರೂ ಚಕ್ಕುಲಿ ಇನ್ನೂ ಅವರ ಕೈಯಲ್ಲೇ ಇತ್ತು.

"ಅವ್ರು ಆರಾಮ ಬಂದ್ರಲ್ಲ, ನನಗ ಖುಷಿ ಆಗಬೇಕಿತ್ತಿಲ್ಲೋ?" ಎಂದರು.

"ಆಯ್ತಲ್ಲ ಚಾಚಾ. ಬಂದ್ರಲ್ಲ."

"ಖುಷಿ ಆಗಲಿಲ್ಲವಾ. ಅವರು ನಕ್ಕೋತ ಬರೂದು ನೋಡಿ, ಒಂದ್ ಕ್ಷಣ... ಏನರೆ ಆಗಬೇಕಿತ್ತು ಅನಸ್ತು ನನಗ. ಮಕ್ಕಳಲ್ಲೇನು ಅವರೂ? ಯಾರದೋ ಮನಿ ಮಕ್ಕಳು." ಕಿಟಕಿಯ ಕಡೆ ತಿರುಗಿಕೊಂಡರು. "ಸಾಕು. ಇನ್ನ ನಾ ಅಲ್ಲಿ ಕುಂದ್ರಬಾರದು."

ಅದೇ ಕೊನೆ. ಮತ್ತೆ ಹೋಗಲಿಲ್ಲ. ಹೋಗಲು ಆಗುತ್ತಲೂ ಇರಲಿಲ್ಲ; ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ವಯಸ್ಸು ಎಂದುಕೊಂಡೆವು. ವರ್ಷಗಟ್ಟಲೆ ಕೊಯ್ದ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ತೆಗೆಯುವ ಔಷಧ ಇಲ್ಲ ಎಂದರು ಡಾಕ್ಟರು. ಅಂಗಡಿ ಮುಚ್ಚಿದರು. ಮೂಗಿಗೆ ಆಕ್ಸಿಜನ್ ನಳಿಕೆ ಬಂತು. ಚಾಚಿ ಹೊತ್ತು ಹೊತ್ತಿಗೆ ಊಟ, ಮಾತ್ರೆ ಕೊಡುತ್ತಿದ್ದರು, ಕಾಲು ಒತ್ತುತ್ತಿದ್ದರು. ಇಬ್ಬರ ನಡುವೆ ಬೇರೆ ಮಾತು ಇರಲಿಲ್ಲ.

ಆ ಬೇಸಿಗೆ ಗುಡ್ಡದ ಕಾಡಿಗೆ ಬೆಂಕಿ ಬಿತ್ತು. ಹೊಗೆ ನಮ್ಮ ಡ್ಯಾನ್‌ವಿಲ್ ತನಕ ಬಂದು ವಾರಗಟ್ಟಲೆ ಆಕಾಶ ಕಂದಾಗಿತ್ತು. ಚಾಚಾನ ಕೋಣೆಯ ಕಿಟಕಿಗಳಿಗೆ ಚಾಚಿ ಒದ್ದೆ ಟವೆಲು ತುರುಕಿದ್ದರು. ಅವರು ಏಣಿಯಿಟ್ಟು ಗುರುತು ಹೊಡೆದ ಮರಗಳೆಲ್ಲ ಸುಟ್ಟವು ಎಂಬ ಸುದ್ದಿ ನನಗೆ ಬಂದಿತ್ತು. ಹೇಳಬಾರದು ಎಂದುಕೊಂಡು ಹೋದೆ. ಅವರೇ ಕೇಳಿದರು.

"ನಮ್ಮ ದಾರಿ ಹೋತೇನು?"

"ಸ್ವಲ್ಪ ಭಾಗ ಮಾತ್ರ ಚಾಚಾ. ಬಂಡೆ ಹತ್ರದ್ದೆಲ್ಲ ಹಾಗೇ ಇದೆಯಂತೆ."

ಅವರು ನನ್ನ ಮುಖವನ್ನು ನೋಡಿದರು. "ಸುಳ್ಳು ಹೇಳಾಕ ನಿನಗ ಬರೂದಿಲ್ಲ, ಬಿಡು" ಎಂದು ಕಣ್ಣು ಮುಚ್ಚಿಕೊಂಡರು. ಸಿಟ್ಟು ಇರಲಿಲ್ಲ. ಅವರು ನನ್ನೊಡನೆ ಸರಿಯಾಗಿ ಮಾತಾಡಿದ್ದು ಅದೇ ಕಡೆ. ಚಳಿಗಾಲ ಶುರುವಾಗುವ ಮೊದಲೇ ಹೋದರು. ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು. ಗಂಡಸರು ಮಣ್ಣು ಹಾಕುವಾಗ ನಾನು ಚಾಚಿಯ ಜೊತೆ ದೂರದಲ್ಲಿ ನಿಂತಿದ್ದೆ. ಅವರು ಅಳಲಿಲ್ಲ, ನನ್ನ ಕೈಯನ್ನು ನೋವಾಗುವಷ್ಟು ಹಿಡಿದುಕೊಂಡಿದ್ದರು.

ಸುಟ್ಟ ದಾರಿಗೆ ಮತ್ತೆ ಗುರುತು ಹೊಡೆದಿಲ್ಲ. ಸತ್ತು ನಿಂತ ಮರಗಳಿಗೆ ಏನನ್ನೂ ಹೊಡೆಯುವಂತಿಲ್ಲ, ಯಾವಾಗ ಬೀಳುತ್ತವೋ ತಿಳಿಯದು. ಆದರೂ ಜನ ಹೋಗುತ್ತಾರಂತೆ. ಮರಗಳಿಲ್ಲದ ಮೇಲೆ ಇಳಿಜಾರು ಇನ್ನೂ ಚೆನ್ನಾಗಿದೆಯಂತೆ.

ಹೋದ ವರ್ಷ ಚಾಚಿ ಗ್ಯಾರೇಜು ಖಾಲಿ ಮಾಡಿಸಿದರು. ನನ್ನ ಮಗಳಿಗೆ ಈಗ ಹತ್ತು ವರ್ಷ. ಸಹಾಯಕ್ಕೆಂದು ನನ್ನ ಜೊತೆ ಬಂದವಳು ಮೂಲೆಯಿಂದ ಒಂದು ಜೊತೆ ಪುಟ್ಟ ಸ್ಕೀ ಎಳೆದು ತಂದಳು. ಕೆಂಪು ಬಣ್ಣದ್ದು, ಕಾಲುಪಟ್ಟಿಯ ಮೇಲೆ ಚಿಟ್ಟೆಯ ಸ್ಟಿಕ್ಕರು. "ಅಮ್ಮ, ಕ್ಯಾನ್ ವಿ ಟೇಕ್ ದೀಸ್? ವಿಲ್ ಯು ಟೀಚ್ ಮಿ?"

ಚಾಚಿ ಬಂದು ಅವಳ ಕೈಯಿಂದ ಸ್ಕೀಗಳನ್ನು ತೆಗೆದುಕೊಂಡರು, ಮೆಲ್ಲಗೆ, ನಿದ್ದೆ ಹೋದ ಮಗುವನ್ನು ತೆಗೆದುಕೊಳ್ಳುವ ಹಾಗೆ. ನನ್ನ ಕಡೆ ತಿರುಗಿ, "ಕಲಿಸಬ್ಯಾಡವಾ" ಎಂದರು. "ನಿನಗ ಬರತೈತಿ ಅಂತ ಕಲಿಸಬ್ಯಾಡ."

ಚಾಚಾ ನನಗೆ ಕಲಿಸಿಕೊಟ್ಟದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮಾತ್ರ ಆ ಋಣ ಸ್ವಲ್ಪ ಹಗುರವಾದೀತು. ಕೊಡಲು ಇರುವವಳು ಇವಳೊಬ್ಬಳೇ. ಹಿಮ ಎಂದರೇನೆಂದೇ ತಿಳಿಯದೆ ಇವಳು ದೊಡ್ಡವಳಾಗಿಬಿಡಲಿ ಎಂದು ಕೆಲವು ದಿನ ಅನ್ನಿಸುತ್ತದೆ. ಆದರೆ ಇಲ್ಲಿ ಅದು ಆಗುವ ಮಾತಲ್ಲ. ಇವಳ ಕ್ಲಾಸಿನವರೆಲ್ಲ ರಜೆ ಬಂದರೆ ಗುಡ್ಡಕ್ಕೆ ಹೋಗುತ್ತಾರೆ. ಪ್ರತಿ ಡಿಸೆಂಬರಿನಲ್ಲೂ "ಅಮ್ಮ, ದಿಸ್ ಇಯರ್?" ಎಂದು ಕೇಳುತ್ತಾಳೆ. "ಮುಂದಿನ ವರ್ಷ ನೋಡೋಣ" ಎನ್ನುತ್ತೇನೆ. ಒಂದು ದಿನ ನನ್ನನ್ನು ಕೇಳದೆ, ಯಾರದೋ ಕಾರಿನಲ್ಲಿ, ಯಾರದೋ ಜೊತೆ ಹೋಗುತ್ತಾಳೆ. ಅಂದು ಇವಳಿಗೆ ಗೊತ್ತಿರಬೇಕಾದದ್ದೆಲ್ಲ ಇಂದು ನನಗೆ ಗೊತ್ತಿದೆ. ಬೇಲಿಯಾಚೆ ಚಾಚಿ ಒಬ್ಬರೇ ಬಟ್ಟೆ ಒಣಹಾಕುತ್ತಿರುತ್ತಾರೆ. ಮಗಳಿಗೆ ನಾನು ಏನೂ ಹೇಳಿಕೊಡುವುದಿಲ್ಲ.